ಹಳೇ ಡಿಶ್ ಇಳಿಸಿ, ಲಾಗ್ ಗ್ರಾಫ್ ಹಾಳೆ ತನ್ನಿ

ಡೊಂಬಿವಲಿಯ ಅಕ್ಕ ಎರಡು ಪ್ರಶ್ನೆ ಹಾಕಿದ್ದರು. ಟೆರೇಸ್ ಮೇಲೆ ಬಿದ್ದಿರುವ ಹಳೇ ಟಿವಿ ಡಿಶ್‌ನಿಂದ ಕ್ವೇಸಾರ್‌ಗಳ (ದೂರದ ಗ್ಯಾಲಕ್ಸಿಗಳ ಅತಿ ಪ್ರಖರ ನಡುಭಾಗಗಳ) ರೋಹಿತ, ಅಂದರೆ ಯಾವ ಆವರ್ತನದಲ್ಲಿ ಎಷ್ಟು ಪ್ರಖರ ಎಂಬ ಲೆಕ್ಕ, ಸಿಗುತ್ತದಾ? ಸಿಗದಿದ್ದರೆ ಮನೆಯಲ್ಲೇ ಕೂತು ಬೇರೇನು ಮಾಡಬಹುದು?

ಮೊದಲನೆಯದಕ್ಕೆ ಉತ್ತರ, ಆಗಲ್ಲ. ಆ ಡಿಶ್‌ಗೆ ಮುಖ್ಯವಾಗಿ ಸೂರ್ಯ ಸಿಗುತ್ತಾನೆ, ಅಷ್ಟೇ. ತಗಡಿನ ಹಾರ್ನ್ ಆಂಟೆನಾ ಮಾಡಿ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್‌ಗೆ ಸಿಕ್ಕಿಸುವ ಪುಟ್ಟ ರೇಡಿಯೋ ರಿಸೀವರ್) ಸಿಕ್ಕಿಸಿದರೆ 1420 ಮೆಗಾಹರ್ಟ್ಸ್‌ನಲ್ಲಿ ನಮ್ಮದೇ ಕ್ಷೀರಪಥದ ಹೈಡ್ರೋಜನ್ ಕಾಣುತ್ತದೆ. ದೂರದ ಗ್ಯಾಲಕ್ಸಿಗಳ ಕಥೆಯೇ ಬೇರೆ. ಪುಣೆಯಿಂದ 80 ಕಿಲೋಮೀಟರ್ ಆಚೆ, ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ, 45 ಮೀಟರ್ ಅಗಲದ 30 ಡಿಶ್‌ಗಳನ್ನು 25 ಕಿಲೋಮೀಟರ್ ಉದ್ದಕ್ಕೆ ಹರಡಿ ಇಟ್ಟಿದ್ದು ಸುಮ್ನೆ ಅಲ್ಲ.

ಎರಡನೆಯದು ಒಳ್ಳೇ ಪ್ರಶ್ನೆ. ಬೇರೆಯವರು ಅಳೆದಿಟ್ಟ ಅಂಕಿಗಳಿಂದ ಮನೆಯಲ್ಲೇ ರೋಹಿತ ಬಿಡಿಸಬಹುದು. ಖೋಡದ್‌ನ ಆ ಡಿಶ್‌ಗಳ ರೇಡಿಯೋ ದೂರದರ್ಶಕ ಜಿಎಂಆರ್‌ಟಿ 2010ರಿಂದ 2012ರವರೆಗೆ 150 ಮೆಗಾಹರ್ಟ್ಸ್‌ನಲ್ಲಿ ಆಕಾಶದ ಬಹುಪಾಲು ಜಾಲಾಡಿದೆ. ಆ ಸರ್ವೆಯ ಹೆಸರು ಟಿಜಿಎಸ್‌ಎಸ್. ಅಮೆರಿಕದ ರೇಡಿಯೋ ದೂರದರ್ಶಕ ವಿಎಲ್‌ಎ 90ರ ದಶಕದಲ್ಲಿ 1400 ಮೆಗಾಹರ್ಟ್ಸ್‌ನಲ್ಲಿ ಮಾಡಿದ್ದು ಎನ್‌ವಿಎಸ್‌ಎಸ್. ಎರಡೂ ಪುಕ್ಕಟೆ. ವಿಝಿಯರ್ ಎಂಬ ಆನ್‌ಲೈನ್ ಪಟ್ಟಿಯಲ್ಲಿ ಅಂಕಿ ತೆಗೆಯಿರಿ, ಅಲಾದಿನ್ ಎಂಬ ಆಕಾಶ ನಕ್ಷೆಯಲ್ಲಿ ಚಿತ್ರ ನೋಡಿ.

ಒಂದು ಆಕರ (ರೇಡಿಯೋ ಅಲೆ ಹೊಮ್ಮಿಸುವ ವಸ್ತು) 150ರಲ್ಲಿ 1000 ಮಿಲಿಜಾನ್ಸ್ಕಿ (ರೇಡಿಯೋ ಪ್ರಖರತೆಯ ಅಳತೆ), 1400ರಲ್ಲಿ 200 ಇದೆ ಅಂದುಕೊಳ್ಳಿ. ಎರಡೂ ಕಡೆ ಲಾಗ್ ಅಳತೆ (ಹತ್ತು ಪಟ್ಟಾದಾಗಲೆಲ್ಲ ಒಂದೇ ದೂರ) ಇರುವ ಗ್ರಾಫ್ ಹಾಳೆಯಲ್ಲಿ, ಅಡ್ಡಕ್ಕೆ ಆವರ್ತನ, ಮೇಲಕ್ಕೆ ಪ್ರಖರತೆ ಹಿಡಿದು ಎರಡು ಚುಕ್ಕಿ ಇಟ್ಟು ಗೆರೆ ಎಳೆಯಿರಿ. ಇಳಿಜಾರು ಸುಮಾರು -0.7 ಬರುತ್ತದೆ. ಇದು ಮಾಮೂಲಿ ರೇಡಿಯೋ ಗ್ಯಾಲಕ್ಸಿಯ ಲಕ್ಷಣ. ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳ ಬೆಳಕು ಹೀಗೇ ಇಳಿಯುತ್ತದೆ. ಗೆರೆ ಚಪ್ಪಟೆಯಾಗಿದ್ದರೆ ಗ್ಯಾಲಕ್ಸಿಯ ನಡುವಿನ ಪುಟ್ಟ ದಟ್ಟ ಭಾಗವೇ ಮಿನುಗುತ್ತಿರಬಹುದು. -1.3ಕ್ಕಿಂತ ಕಡಿದಾಗಿದ್ದರೆ ಬಹಳ ದೂರದ್ದಿರಬಹುದು ಎಂದು ಹುಡುಕುವವರು ಹಿಡಿದುಕೊಳ್ಳುತ್ತಾರೆ. ಆದರೆ ಹತ್ತಿರದ ಮುದಿ ಗ್ಯಾಲಕ್ಸಿಯೂ ಹಾಗೇ ಕಾಣುತ್ತದೆ. ಎಲೆಕ್ಟ್ರಾನ್‌ಗಳು ಸುಸ್ತಾಗಿರುತ್ತವೆ, ಅಷ್ಟೇ.

ಇಲ್ಲೇ ನಾನು ಮರ್ಯಾದೆ ಕಳಕೊಂಡಿದ್ದು. ಟಿಜಿಎಸ್‌ಎಸ್ ಅಂಕಿಯನ್ನು ವಿಎಲ್‌ಎಯ ಹೊಸ 3 ಗಿಗಾಹರ್ಟ್ಸ್ ಸರ್ವೆ ವಿಎಲ್‌ಎಎಸ್‌ಎಸ್ ಜೊತೆ ಜೋಡಿಸಿದೆ. -1.4 ಬಂತು. ಮನೆಯವಳಿಗೆ, ಆಫೀಸಿನವರಿಗೆ, ಹಾಲಿನವನಿಗೂ ಹೇಳಿದೆ. ಆಮೇಲೆ ಚಿತ್ರ ಒಂದರ ಮೇಲೊಂದು ಇಟ್ಟು ನೋಡಿದರೆ, ಹೊಸ ಸರ್ವೆಯಲ್ಲಿ ಅದೇ ಆಕರ ಎರಡು ತುಂಡಾಗಿ ಕೂತಿದೆ. ನಾನು ಒಂದು ತುಂಡಿನ ಅಂಕಿ ಮಾತ್ರ ತಗೊಂಡಿದ್ದೆ. ಕೂಡಿಸಿದ ಮೇಲೆ -0.8. ಟಿಜಿಎಸ್‌ಎಸ್ 25 ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲಿ ಒಂದು ಭಾಗ; ಅಂಕಿ ಚಿಕ್ಕದಾದಷ್ಟೂ ನೋಟ ಸೂಕ್ಷ್ಮ) ಮಟ್ಟದಲ್ಲಿ ನೋಡುತ್ತದೆ, ಎನ್‌ವಿಎಸ್‌ಎಸ್ 45, ಹೊಸದು 2.5. ಮೂರೂ ಒಂದನ್ನೇ ಅಳೆದಿವೆಯಾ ಎಂದು ಚಿತ್ರ ನೋಡದೆ ನಂಬಬೇಡಿ. ವರ್ಷವನ್ನೂ ನೋಡಿ. ಕ್ವೇಸಾರ್‌ಗಳು ಮಂಕಾಗುತ್ತವೆ, ಹೊಳೆಯುತ್ತವೆ. ಹದಿನೈದು ವರ್ಷ ಅಂತರದ ಎರಡು ಅಂಕಿಗಳ ನಡುವೆ ಎಳೆದ ಗೆರೆ ಸುಳ್ಳು ಹೇಳಬಹುದು, ಅಲ್ವಾ?

ಬಾಹ್ಯಾಕಾಶದ ದೂರದರ್ಶಕ ಯಾಕೆ ಬೇಕು ಅಂದರೆ, ರೇಡಿಯೋದ ಹೆಚ್ಚಿನ ಆವರ್ತನಗಳಲ್ಲಿ ನಮ್ಮ ಗಾಳಿಯ ತೇವ ಅಡ್ಡ ಬರುತ್ತದೆ. ಮುಂಬೈ ಜುಲೈ ನೆನೆಸಿಕೊಳ್ಳಿ! 2009ರಲ್ಲಿ ಬಾಹ್ಯಾಕಾಶಕ್ಕೆ ಹೋದ ದೂರದರ್ಶಕ ಪ್ಲ್ಯಾಂಕ್ 30ರಿಂದ 857 ಗಿಗಾಹರ್ಟ್ಸ್‌ವರೆಗೆ ಅಳೆದಿದೆ. ನಿಮ್ಮ ಗೆರೆ ಅಲ್ಲಿಯವರೆಗೂ ಚಪ್ಪಟೆಯಾಗಿ ಹೋದರೆ ಜೆಟ್ (ಗ್ಯಾಲಕ್ಸಿಯ ನಡುವಿನಿಂದ ಚಿಮ್ಮುವ ಧಾರೆ) ನಮ್ಮ ಕಡೆಗೇ ತಿರುಗಿರುವ ಸಾಧ್ಯತೆ ಜಾಸ್ತಿ. ಆದರೆ 30 ಗಿಗಾಹರ್ಟ್ಸ್‌ನಲ್ಲಿ ಪ್ಲ್ಯಾಂಕ್‌ನ ಕಣ್ಣು ಅರ್ಧ ಡಿಗ್ರಿ ಅಗಲ, ಅಂದರೆ ಹುಣ್ಣಿಮೆ ಚಂದ್ರನಷ್ಟು. ಅದರೊಳಗೆ ಅಕ್ಕಪಕ್ಕದವರೆಲ್ಲ ಸೇರಿಕೊಳ್ಳುತ್ತಾರೆ. ಹಾಗಾಗಿ ಪ್ರಖರ ಆಕರಗಳಿಗೆ ಮಾತ್ರ ಬಳಸಿ. ವೈಸ್ ದೂರದರ್ಶಕದ ಅವಗೆಂಪು ಅಂಕಿ ಸೇರಿಸಬಹುದು, ಆದರೆ ಅಲ್ಲಿ ನಕ್ಷತ್ರ, ದೂಳು ಎರಡೂ ಬೆರೆತಿರುತ್ತವೆ. ಅದನ್ನು ರೇಡಿಯೋ ಗೆರೆಗೆ ಎಳೆದು ಕಟ್ಟಬೇಡಿ.

ಇನ್ನೊಂದು ಮಾತು. ಇಳಿಜಾರಿನಿಂದ ದೂರ ಗೊತ್ತಾಗಲ್ಲ. ಅದಕ್ಕೆ ರೋಹಿತದಲ್ಲಿ ಗೆರೆಗಳು ಬೇಕು. ನಾವು ಎಳೆದ ಗೆರೆಯಲ್ಲ, ಪರಮಾಣುಗಳು ನಿರ್ದಿಷ್ಟ ಆವರ್ತನದಲ್ಲಿ ಮೂಡಿಸುವ ಗುರುತು. 3ಸಿ 273 ಎಂಬ ಕ್ವೇಸಾರ್‌ನ ಗುಟ್ಟು 1963ರಲ್ಲಿ ರಟ್ಟಾಗಿದ್ದು ದೃಗ್ಗೋಚರ ಬೆಳಕಿನ ಹೈಡ್ರೋಜನ್ ಗೆರೆಗಳಿಂದ. ಅವು 16 ಶೇಕಡಾದಷ್ಟು ಕೆಂಪಿನ ಕಡೆ ಸರಿದಿದ್ದವು. ರೇಡಿಯೋದಲ್ಲೂ ಒಂದು ಗೆರೆ ಇದೆ, ಅದೇ ಹೈಡ್ರೋಜನ್‌ನ 1420. ಕೆಂಪುಪಲ್ಲಟ 2 ಇದ್ದರೆ, ಅಂದರೆ ಅಲೆ ಮೂರು ಪಟ್ಟು ಹಿಗ್ಗಿದ್ದರೆ, ಅದು 473 ಮೆಗಾಹರ್ಟ್ಸ್‌ಗೆ ಇಳಿಯುತ್ತದೆ. ಜಿಎಂಆರ್‌ಟಿಯ 250–500 ಬ್ಯಾಂಡ್ ಒಳಗೇ. ಅದು ನಮ್ಮ ಕೈಗೆಟುಕದ ಕೆಲಸ ಬಿಡಿ.

ಫೆಬ್ರವರಿ 28ರ ವಿಜ್ಞಾನ ದಿನದ ಹೊತ್ತಿಗೆ ಖೋಡದ್‌ನಲ್ಲಿ ಜನರಿಗೆ ಒಳಗೆ ಬಿಡುತ್ತಾರೆ. ನಿಮಗೆ ಕಲ್ಯಾಣ್‌ನಿಂದ ಮಾಳಶೇಜ್ ಘಾಟ್ ದಾರಿ ಹತ್ತಿರ. ಫೋನ್ ಆಫ್ ಮಾಡಿಟ್ಟುಕೊಳ್ಳಿ, ಬರುವಾಗ ನಾರಾಯಣಗಾಂವ್ ಟೊಮೇಟೊ ತನ್ನಿ. ಅಷ್ಟರೊಳಗೆ ಒಂದು ಆಕರ ಆರಿಸಿ ಅದರ ಚಿತ್ರ, ಅಂಕಿ ಎರಡನ್ನೂ ಇಲ್ಲಿ ಹಾಕಿ. ಭಾನುವಾರ ನಾನೂ ಅದೇ ಗೆರೆ ಎಳೆದು ನೋಡುತ್ತೇನೆ.