ಸಿಮೋನ್ ಲೀ ಎಕ್ಸಿಬಿಷನ್ನು, ಟಾಕು: ಆರ್ಟ್ ಗೊತ್ತಿಲ್ಲದವರು ಹೋಗಬಹುದಾ?

ನೀವು ಕೇಳಿರೋದು ಇಷ್ಟು: ಫಿಲಡೆಲ್ಫಿಯಾದ ಪೆನ್ ಯೂನಿವರ್ಸಿಟಿಗೆ ಎಂಎಸ್ ಮಾಡೋಕೆ ಬಂದಿದೀನಿ, ಕ್ಯಾಂಪಸ್ ಬಾಗಿಲಲ್ಲೇ ಕಣ್ಣಿಲ್ಲದ ದೊಡ್ಡ ಕಂಚಿನ ಹೆಣ್ಣಿನ ಮೂರ್ತಿ ಇದೆ, ಮಾಡಿದವರು ಸಿಮೋನ್ ಲೀ ಅನ್ನೋ ಅಮೆರಿಕದ ಕಪ್ಪು ಶಿಲ್ಪಿ ಅಂತೆ, ಅವರ ಎಕ್ಸಿಬಿಷನ್ನು, ಅದರ ಜೊತೆಗಿನ ಟಾಕು ಅಂದ್ರೆ ನನ್ನ ಕ್ಲಾಸ್‌ಮೇಟ್ಸ್ ಎಲ್ಲಿದ್ರೂ ಓಡಿ ಹೋಗ್ತಾರೆ, ಆರ್ಟಿನ ಗಂಧಗಾಳಿ ಇಲ್ಲದ ಇಂಜಿನಿಯರಿಂಗ್ ಹುಡುಗನಿಗೆ ಏನಾದ್ರೂ ಅರ್ಥ ಆಗುತ್ತಾ, ಅದೂ ಕಪ್ಪು ಜನರ ವಿಷಯದ ಮಾತುಕತೆಗೆ ನಮ್ಮಂಥವರು ಹೋಗಿ ಕೂತ್ಕೊಂಡ್ರೆ ಸರಿನಾ ಅಂತ.

ಹೋಗಿ. ಖಂಡಿತ ಹೋಗಿ. ನಾನೂ ಆರ್ಟ್ ಓದಿದವಳಲ್ಲ, ಅಕೌಂಟ್ಸ್ ಕೆಲಸ ಮಾಡೋಳು, ಆದ್ರೆ ಇವರ ಕೆಲಸದ ಹಿಂದೆ ಸುಮಾರು ವರ್ಷದಿಂದ ಬಿದ್ದಿದೀನಿ, ನೋಡೋಕೆ ಸಿಕ್ಕಿದ್ದೆಲ್ಲ ನೋಡಿದೀನಿ. ಬೇರೆ ಶಿಲ್ಪಿಗಳ ಎಕ್ಸಿಬಿಷನ್‌ಗೆ ಟಾಕ್ ಅನ್ನೋದು ಪಕ್ಕದಲ್ಲಿ ಇಟ್ಟಿರೋ ಉಪ್ಪಿನಕಾಯಿ ಥರ, ಇದ್ರೆ ಚೆನ್ನ, ಇಲ್ದಿದ್ರೂ ಊಟ ನಡೆಯುತ್ತೆ. ಸಿಮೋನ್ ಲೀ ವಿಷಯದಲ್ಲಿ ಹಾಗಲ್ಲ. ಜನ ಸೇರಿ ಮಾತಾಡೋದೇ ಅವರ ಕೆಲಸದ ಅರ್ಧ ಭಾಗ. ಅದಕ್ಕೇ ಬರೀ ಮೂರ್ತಿ ನೋಡಿ ಫೋಟೋ ತೆಗೆದು ಬರಬೇಡಿ ಅಂತ ಹೇಳ್ತಿರೋದು.

ಮೊದಲು ನಿಮ್ಮ ಕ್ಯಾಂಪಸ್‌ದೇ ತಗೊಳ್ಳಿ, 34ನೇ ಸ್ಟ್ರೀಟು ವಾಲ್ನಟ್ ಸ್ಟ್ರೀಟು ಸೇರೋ ಮೂಲೆ. ಅದರ ಹೆಸರು ಬ್ರಿಕ್ ಹೌಸ್. ಹದಿನಾರು ಅಡಿ ಎತ್ತರ, ಬುಡದ ಅಗಲ ಒಂಬತ್ತು ಅಡಿ. ಇದೇ ಮೂರ್ತಿಯ ಇನ್ನೊಂದು ಎರಕ 2019ರ ಜೂನ್‌ನಲ್ಲಿ ನ್ಯೂಯಾರ್ಕಿನ ಹೈಲೈನ್ ಮೇಲೆ ನಿಂತಿತ್ತು, ಹಳೇ ರೈಲು ಹಳಿ ಮೇಲೆ ಮಾಡಿರೋ ಪಾರ್ಕ್ ಅದು, ಕೆಳಗೆ ಹತ್ತನೇ ಅವೆನ್ಯೂದಲ್ಲಿ ಬರೋ ಕಾರು ಟ್ಯಾಕ್ಸಿಯವರೆಲ್ಲ ತಲೆ ಎತ್ತಿ ನೋಡೋ ಹಾಗೆ ಇಟ್ಟಿದ್ರು. ನಿಮ್ಮ ಕ್ಯಾಂಪಸ್‌ಗೆ ಬಂದಿದ್ದು 2020ರ ನವೆಂಬರ್‌ನಲ್ಲಿ. ಎರಕ ಹೊಯ್ದಿದ್ದೂ ಫಿಲಡೆಲ್ಫಿಯಾದಲ್ಲೇ. ಮೊದಲು ಪೂರ್ತಿ ಅಳತೆಯಲ್ಲಿ ಮಣ್ಣಲ್ಲಿ ಕೈಯಾರೆ ಮಾಡಿ, ಅದಕ್ಕೆ ಅಚ್ಚು ತೆಗೆದು, ತುಂಡು ತುಂಡಾಗಿ ಕಂಚು ಹೊಯ್ದು, ಆಮೇಲೆ ಬೆಸುಗೆ ಹಾಕಿ ಕೂಡಿಸಿದ್ದು.

ಹತ್ರ ಹೋಗಿ ಜಡೆ ನೋಡಿ. ಮುಖದ ಸುತ್ತ ನಾಲ್ಕು ಜಡೆ, ತಲೆಗೆ ಅಂಟಿಕೊಂಡ ಹಾಗೆ ಹೆಣೆದು ಕೆಳಗೆ ಇಳಿಬಿಟ್ಟಿರೋದು, ಒಂದೊಂದರ ತುದಿಗೂ ಒಂದೊಂದು ಕವಡೆ. ಕಣ್ಣು ಇರಬೇಕಾದ ಜಾಗ ನುಣ್ಣಗೆ ಇದೆ. ತುಂಬಾ ಜನ ಇದನ್ನ ನೋಡಿ ಕುರುಡಿ ಅಂದ್ಕೋತಾರೆ, ನನಗೆ ಹಾಗೆ ಕಾಣಲ್ಲ. ಕಣ್ಣಿದ್ರೆ ನಾವು ಅವಳ ಮುಖದಲ್ಲಿ ಸಿಟ್ಟು, ದುಃಖ, ದೈನ್ಯ ಏನಾದ್ರೂ ಒಂದು ಹುಡುಕ್ತಾ ಕೂರ್ತಿದ್ವಿ. ಅದಕ್ಕೆ ಅವಕಾಶನೇ ಕೊಡಲ್ಲ ಅವಳು. ಭುಜದಿಂದ ಕೆಳಗೆ ಮೈ ಅಲ್ಲ, ಅಗಲವಾದ ಲಂಗನೂ ಹೌದು, ಮಣ್ಣಿನ ಮನೆನೂ ಹೌದು. ಮೇಲಿಂದ ಕೆಳಗೆ ಉದ್ದುದ್ದ ಏಣು ಇದಾವಲ್ಲ, ಅದು ಕ್ಯಾಮರೂನ್ ಮತ್ತೆ ಚಾಡ್ ದೇಶದ ಮೂಸ್‌ಗುಂ ಜನ ಕಟ್ಟೋ ಗುಮ್ಮಟದಂಥ ಮಣ್ಣಿನ ಮನೆಗಳ ಗೋಡೆ ನೆನಪು. ಬೆನಿನ್ ಮತ್ತೆ ಟೋಗೋದ ಬಟಮ್ಮಲಿಬ ಜನರ ಮನೆಗಳದ್ದೂ ಇದೆ. ಇವೆಲ್ಲದರ ಜೊತೆಗೆ ಮಿಸಿಸಿಪ್ಪಿಯ ನ್ಯಾಚೆಜ್ ಊರಲ್ಲಿರೋ ಒಂದು ಹೋಟೆಲ್ ಕಟ್ಟಡನೂ ಸೇರಿದೆ, ಮನೆಗೆಲಸದ ಕಪ್ಪು ಹೆಂಗಸಿನ ಆಕಾರದಲ್ಲಿ ಕಟ್ಟಿ, ಅವಳ ಲಂಗದೊಳಗೆ ಗಿರಾಕಿಗಳು ಕೂತು ಊಟ ಮಾಡೋ ಹಾಗೆ ಮಾಡಿರೋದು. ಆ ಅವಮಾನದ ಆಕಾರನೂ ಆಫ್ರಿಕಾದ ಮನೆ ಕಟ್ಟೋ ಜಾಣ್ಮೆನೂ ಒಂದೇ ಮೂರ್ತಿಯಲ್ಲಿ ಸೇರಿಸಿ, ಯಾರ ಮುಂದೆನೂ ಬಗ್ಗದ ಹಾಗೆ ನಿಲ್ಲಿಸಿದಾರೆ.

ಕವಡೆ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಯಾಕಂದ್ರೆ ಇಲ್ಲಿ ನಮಗೂ ಕೊಂಡಿ ಇದೆ. ಚೌಕಾಬಾರ ಆಡಿದೀವಿ, ಸವದತ್ತಿ ಯಲ್ಲಮ್ಮನ ಜೋಗತಿಯರ ಕೊರಳಲ್ಲಿ ನೋಡಿದೀವಿ, ಕವಡೆ ಕಾಸಿನ ಕಿಮ್ಮತ್ತಿಲ್ಲ ಅಂತ ಬೈತೀವಿ. ಅದೇ ಕವಡೆ ಮಾಲ್ಡೀವ್ಸ್‌ನಿಂದ ಇಂಡಿಯಾದ ಬಂದರುಗಳ ಮೂಲಕ ಯುರೋಪಿಗೆ ಹೋಗಿ, ಅಲ್ಲಿಂದ ಹಡಗು ಹಡಗು ಪಶ್ಚಿಮ ಆಫ್ರಿಕಾಕ್ಕೆ ಹೋಯ್ತು, ಅಲ್ಲಿ ಅದೇ ದುಡ್ಡು, ಅದೇ ಕೊಟ್ಟು ಮನುಷ್ಯರನ್ನ ಕೊಂಡ್ಕೊಂಡ್ರು. ಸಿಮೋನ್ ಲೀ ಪಿಂಗಾಣಿಯಲ್ಲಿ ಮಾಡೋ ಕವಡೆಗಳು ಒಂದೊಂದೂ ಕಲ್ಲಂಗಡಿ ಗಾತ್ರ, ನಿಜವಾಗ್ಲೂ ಕಲ್ಲಂಗಡಿ ಹಣ್ಣಿಗೇ ಅಚ್ಚು ತೆಗೆದು ಮಾಡೋದು. ಅಮೆರಿಕದಲ್ಲಿ ಕಪ್ಪು ಜನರನ್ನ ಗೇಲಿ ಮಾಡೋಕೆ ಎಷ್ಟೋ ಕಾಲದಿಂದ ಕಲ್ಲಂಗಡಿ ಚಿತ್ರ ಬಳಸ್ತಾ ಬಂದಿದಾರೆ, ಹೊಸದಾಗಿ ಬಂದವರಿಗೆ ಇದು ಗೊತ್ತಿರಲ್ಲ ಅಂತ ಹೇಳ್ತಿದೀನಿ. ಗೊತ್ತಾದ ಮೇಲೆ ಆ ಕವಡೆ ಮುಂದೆ ನಿಂತ್ಕೊಳ್ಳೋದೇ ಬೇರೆ.

ಅವರ ಹಿನ್ನೆಲೆ ಚಿಕ್ಕದಾಗಿ ಹೇಳ್ತೀನಿ. 1967ರಲ್ಲಿ ಶಿಕಾಗೋದಲ್ಲಿ ಹುಟ್ಟಿದ್ದು, ಅಪ್ಪ ಅಮ್ಮ ಜಮೈಕಾದಿಂದ ಬಂದ ಮಿಷನರಿಗಳು. ಕಾಲೇಜಲ್ಲಿ ಫಿಲಾಸಫಿ ಮತ್ತೆ ಕುಂಬಾರಿಕೆ. ಮಣ್ಣಿನ ಕೆಲಸ ಅಂದ್ರೆ ಅದು ಕರಕುಶಲ, ಕಲೆ ಅಲ್ಲ ಅಂತ ಮೂಗು ಮುರಿಯೋ ಕಾಲದಲ್ಲಿ ಅದನ್ನೇ ಹಿಡ್ಕೊಂಡು ಕೂತವರು. ದೊಡ್ಡ ಹೆಸರು ಬಂದಿದ್ದು ಐವತ್ತು ದಾಟಿದ ಮೇಲೆ, 2018ರಲ್ಲಿ ಹ್ಯೂಗೋ ಬಾಸ್ ಪ್ರೈಜ್ ಅನ್ನೋ ದೊಡ್ಡ ಕಲಾ ಪ್ರಶಸ್ತಿ, 2022ರಲ್ಲಿ ವೆನಿಸ್ ಬಿಯೆನಾಲೆ, ಅಂದ್ರೆ ಇಟಲಿಯ ವೆನಿಸ್‌ನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯೋ ಕಲಾಮೇಳ, ಅದರಲ್ಲಿ ಅಮೆರಿಕದ ಪೆವಿಲಿಯನ್ (ದೇಶದ ಪ್ರದರ್ಶನದ ಕಟ್ಟಡ) ಪೂರ್ತಿ ಅವರದ್ದೇ, ಆ ಜಾಗದಲ್ಲಿ ಅಮೆರಿಕವನ್ನ ಪ್ರತಿನಿಧಿಸಿದ ಮೊದಲ ಕಪ್ಪು ಮಹಿಳೆ. ಅದೇ ವರ್ಷ ಅಲ್ಲಿನ ಮುಖ್ಯ ಪ್ರದರ್ಶನದಲ್ಲಿ ಬ್ರಿಕ್ ಹೌಸ್ ಇಟ್ಟಿದ್ದಕ್ಕೆ ಆ ಮೇಳದ ದೊಡ್ಡ ಪ್ರಶಸ್ತಿ ಗೋಲ್ಡನ್ ಲಯನ್ ಬಂತು. ದೇಶಗಳ ಪೆವಿಲಿಯನ್ ವಿಭಾಗದ ಗೋಲ್ಡನ್ ಲಯನ್ ಬ್ರಿಟನ್ ಪರವಾಗಿ ಸೋನಿಯಾ ಬಾಯ್ಸ್ ಅವರಿಗೆ ಬಂತು, ಅವರೂ ಕಪ್ಪು ಮಹಿಳೆ. ಆ ಸುದ್ದಿ ಓದಿದಾಗ ಆಗಿದ್ದ ಖುಷಿ ಇವತ್ತಿಗೂ ಇದೆ ನನಗೆ.

ವೆನಿಸ್‌ನಲ್ಲಿ ಅಮೆರಿಕದ ಪೆವಿಲಿಯನ್ ಇದೆಯಲ್ಲ, 1930ರ ಕಟ್ಟಡ, ಅಮೆರಿಕದ ಅಧ್ಯಕ್ಷರಾಗಿದ್ದ ಜೆಫರ್ಸನ್ ಅವರ ಮಾಂಟಿಚೆಲೋ ಬಂಗಲೆ ಥರ ಕಂಬ ಗಿಂಬ ಇರೋದು, ಅಂದ್ರೆ ಗುಲಾಮರನ್ನ ಇಟ್ಕೊಂಡಿದ್ದ ಮನೆಯ ನೆರಳು. ಸಿಮೋನ್ ಲೀ ಅದಕ್ಕೆ ಹುಲ್ಲಿನ ಸೂರು ಹೊದಿಸಿ, ಮುಂದೆ ಮರದ ಕಂಬ ನಿಲ್ಲಿಸಿ ಮುಖನೇ ಬದಲಾಯಿಸಿಬಿಟ್ರು. 1931ರಲ್ಲಿ ಪ್ಯಾರಿಸ್‌ನಲ್ಲಿ ವಸಾಹತುಗಳನ್ನ ಮೆರೆಸೋಕೆ ಒಂದು ದೊಡ್ಡ ಪ್ರದರ್ಶನ ಮಾಡಿದ್ರು, ಆಫ್ರಿಕಾದ ಮನೆಗಳ ನಕಲು ಕಟ್ಟಿ ಜನರಿಗೆ ತೋರಿಸಿದ್ರು, ಆ ನಕಲಿಗೆ ಕೊಟ್ಟ ಉತ್ತರ ಇದು.

ಒಳಗೆ ಇದ್ದ ಒಂದು ಕಂಚಿನ ಮೂರ್ತಿ ನಾನು 2023ರಲ್ಲಿ ಬಾಸ್ಟನ್‌ನ ಐಸಿಎ ಮ್ಯೂಸಿಯಂಗೆ ಬಂದಾಗ ನೋಡಿದೆ, ಲಾಸ್ಟ್ ಗಾರ್ಮೆಂಟ್ ಅಂತ. ಕಪ್ಪಗಿನ ನೀರಿನ ಕೊಳ, ಅದರಲ್ಲಿ ಸೊಂಟ ಬಗ್ಗಿಸಿ ಬಟ್ಟೆ ಒಗೀತಿರೋ ಹೆಂಗಸು. ಇದಕ್ಕೆ ಮೂಲ 1879ರಲ್ಲಿ ಜಮೈಕಾದಲ್ಲಿ ತೆಗೆದ ಒಂದು ಫೋಟೋ, ಪ್ರವಾಸಿಗಳಿಗೆ ಮಾರೋಕೆ ಅಂತ ತೆಗೆದಿದ್ದು, ನೋಡಿ ಈ ದ್ವೀಪದ ಜನ ಎಷ್ಟು ಶುದ್ಧ, ಎಷ್ಟು ವಿಧೇಯರು, ಧೈರ್ಯವಾಗಿ ಬನ್ನಿ ಅಂತ ತೋರಿಸೋಕೆ. ಆ ಫೋಟೋದಲ್ಲಿ ಅವಳಿಗೆ ಹೆಸರಿಲ್ಲ. ಹೊಳೆ ದಂಡೇಲಿ ಬಗ್ಗಿ ಬಟ್ಟೆ ಒಗೆಯೋರನ್ನ ನಾವು ಚಿಕ್ಕಂದಿನಿಂದ ನೋಡಿರ್ತೀವಿ, ನೋಡಿ ನೋಡಿ ಕಣ್ಣಿಗೇ ಬೀಳದ ಹಾಗೆ ಆಗಿರುತ್ತೆ. ಇಲ್ಲಿ ಅವಳ ಬೆನ್ನು, ತೋಳು, ನೀರಲ್ಲಿ ಅವಳದ್ದೇ ನೆರಳು, ಇಷ್ಟನ್ನ ಬಿಟ್ಟು ಬೇರೇನೂ ನೋಡೋಕೆ ಇಲ್ಲ. ಸುಮಾರು ಹೊತ್ತು ನಿಂತಿದ್ದೆ.

ಈಗ ಟಾಕ್ ವಿಷಯಕ್ಕೆ ಬರ್ತೀನಿ, ನೀವು ಮುಖ್ಯವಾಗಿ ಕೇಳಿದ್ದು ಅದನ್ನೇ.

1861ರಲ್ಲಿ ಹ್ಯಾರಿಯೆಟ್ ಜೇಕಬ್ಸ್ ಅನ್ನೋ ಹೆಂಗಸು ತನ್ನ ಆತ್ಮಕಥೆ ಪ್ರಿಂಟ್ ಮಾಡಿಸಿದ್ರು, ನಾರ್ತ್ ಕೆರೊಲಿನಾದಲ್ಲಿ ಗುಲಾಮಳಾಗಿದ್ದವರು. ಯಜಮಾನನ ಕಾಟ ತಪ್ಪಿಸ್ಕೊಂಡು ಅಜ್ಜಿ ಮನೆ ಸೂರಿನ ಕೆಳಗಿನ ಅಟ್ಟದ ಸಂದಿಯಲ್ಲಿ ಹತ್ತಿರ ಹತ್ತಿರ ಏಳು ವರ್ಷ ಅಡಗಿದ್ರು. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಅತಿ ಎತ್ತರ ಅಂದ್ರೆ ಮೂರು ಅಡಿ, ನಿಲ್ಲೋಕೆ ಆಗಲ್ಲ. ಗೋಡೆಗೆ ಸಣ್ಣ ತೂತು ಕೊರೆದು ಅದರಿಂದ ಬೀದಿಯಲ್ಲಿ ಓಡಾಡೋ ತನ್ನ ಮಕ್ಕಳನ್ನ ನೋಡ್ತಿದ್ರು, ಯಜಮಾನ ಹೋಗಿ ಬರೋದನ್ನೂ ಗಮನಿಸ್ತಿದ್ರು. ಆ ಅಧ್ಯಾಯದ ಹೆಸರು ಲೂಪ್‌ಹೋಲ್ ಆಫ್ ರಿಟ್ರೀಟ್. ಸಿಮೋನ್ ಲೀ 2019ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ ಮಾಡಿದ ಎಕ್ಸಿಬಿಷನ್‌ಗೆ ಇದೇ ಹೆಸರಿಟ್ರು, ಅದರ ಜೊತೆ ಸೈದಿಯಾ ಹಾರ್ಟ್‌ಮನ್, ಟೀನಾ ಕ್ಯಾಂಪ್ಟ್ ಅನ್ನೋ ಇಬ್ಬರು ವಿದ್ವಾಂಸರ ಜೊತೆ ಸೇರಿ ಒಂದು ದಿನದ ಸಭೆನೂ ಮಾಡಿದ್ರು, ಮಾತಾಡಿದವರು ಕಪ್ಪು ಮಹಿಳೆಯರು, ವಿಷಯ ಕಪ್ಪು ಮಹಿಳೆಯರ ಬುದ್ಧಿ, ದುಡಿಮೆ, ಬದುಕು. ವೆನಿಸ್‌ಗೆ ಹೋದಾಗಲೂ ಒಬ್ಬರೇ ಹೋಗಿ ಲಯನ್ ತಗೊಂಡು ಬರ್ಲಿಲ್ಲ, 2022ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಾನ್ ಜಾರ್ಜೋ ಮಜ್ಜೋರೆ ದ್ವೀಪದಲ್ಲಿ ಮೂರು ದಿನ ಇದೇ ಸಭೆನ ಇನ್ನೂ ದೊಡ್ಡದಾಗಿ ನಡೆಸಿದ್ರು, ರಶೀದಾ ಬಂಬ್ರೇ ಅದರ ಜವಾಬ್ದಾರಿ ತಗೊಂಡಿದ್ರು, ಬೇರೆ ಬೇರೆ ದೇಶಗಳಿಂದ ಕಪ್ಪು ಮಹಿಳೆಯರು, ಬರೆಯೋರು, ಪಾಠ ಮಾಡೋರು, ಕಲಾವಿದರು ಎಲ್ಲ ಬಂದು ಮಾತಾಡಿದ್ರು. ಇದನ್ನ ಎಕ್ಸಿಬಿಷನ್‌ನ ಸೈಡ್ ಪ್ರೋಗ್ರಾಂ ಅನ್ನೋಕಾಗುತ್ತಾ?

ಇನ್ನೂ ಹಿಂದಿಂದು ಒಂದು ಇದೆ, ನನಗೆ ತುಂಬಾ ಇಷ್ಟ. 2014ರಲ್ಲಿ ಬ್ರೂಕ್ಲಿನ್‌ನಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ ಸ್ವಂತ ಹೆರಿಗೆ ಕ್ಲಿನಿಕ್ ತೆಗೆದ ಮೊದಲ ಕಪ್ಪು ಮಹಿಳೆ ಡಾಕ್ಟರ್ ಜೋಸೆಫಿನ್ ಇಂಗ್ಲಿಷ್ ಅವರ ಮನೆಯಾಗಿದ್ದ ಕಟ್ಟಡದಲ್ಲಿ, ಕೆಲವು ವಾರ ಫ್ರೀ ಪೀಪಲ್ಸ್ ಮೆಡಿಕಲ್ ಕ್ಲಿನಿಕ್ ಅಂತ ನಡೆಸಿದ್ರು. ಶಿಲ್ಪಿ ಮಾಡಿದ ಕ್ಲಿನಿಕ್ಕು! ಯೋಗ, ಅಕ್ಯುಪಂಕ್ಚರ್, ಎಚ್‌ಐವಿ ಟೆಸ್ಟು, ಡ್ಯಾನ್ಸು ಎಲ್ಲ ಪುಕ್ಕಟೆ. ಕಪ್ಪು ಜನರ ಹಕ್ಕಿಗೆ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ಸ್ ಸಂಘಟನೆ ನಡೆಸ್ತಿದ್ದ ಉಚಿತ ಕ್ಲಿನಿಕ್‌ಗಳನ್ನೂ, ಕಪ್ಪು ಮಹಿಳೆಯರು ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿದ ಯುನೈಟೆಡ್ ಆರ್ಡರ್ ಆಫ್ ಟೆಂಟ್ಸ್ ಸಂಘವನ್ನೂ ನೆನೆದು ಮಾಡಿದ್ದು. 2016ರಲ್ಲಿ ನ್ಯೂಯಾರ್ಕಿನ ನ್ಯೂ ಮ್ಯೂಸಿಯಂನಲ್ಲಿ ದಿ ವೇಟಿಂಗ್ ರೂಮ್ ಅನ್ನೋ ಎಕ್ಸಿಬಿಷನ್ ಮಾಡಿದ್ರು, 2008ರಲ್ಲಿ ಆಸ್ಪತ್ರೆಯ ವೇಟಿಂಗ್ ರೂಮಲ್ಲಿ ಇಪ್ಪತ್ತನಾಲ್ಕು ಗಂಟೆ ಕಾದು ಅಲ್ಲೇ ಬಿದ್ದು ಸತ್ತ ಎಸ್ಮಿನ್ ಎಲಿಜಬೆತ್ ಗ್ರೀನ್ ನೆನಪಲ್ಲಿ. ಅಲ್ಲೂ ಆರೈಕೆ ಕಲಿಸೋ ಕ್ಲಾಸು, ಮಾತುಕತೆ, ಮ್ಯೂಸಿಯಂ ಬಾಗಿಲು ಹಾಕಿದ ಮೇಲೆ ಹೊರಗಿನವರು ನೋಡದ ಹಾಗೆ ನಡೆದ ಕೂಟಗಳು.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆ, ನಮ್ಮಂಥವರು ಹೋಗಬಹುದಾ. ಸಿಮೋನ್ ಲೀ ತನ್ನ ಕೆಲಸ ಮೊದಲಿಗೆ ಕಪ್ಪು ಮಹಿಳೆಯರಿಗೆ ಅಂತ ಮತ್ತೆ ಮತ್ತೆ ಹೇಳಿದಾರೆ. ಅದರಿಂದ ಬೇಜಾರಾಗೋ ಅಗತ್ಯ ಇಲ್ಲ, ಬರಬೇಡಿ ಅಂತ ಅವರು ಹೇಳಿಲ್ಲ, ನಿಮ್ಮನ್ನ ಮಧ್ಯದಲ್ಲಿ ಕೂರಿಸಿ ವಿವರಿಸ್ತಾ ಕೂರಲ್ಲ ಅಂತ ಅಷ್ಟೆ. ಬೇರೆಯವರ ಮನೇಲಿ ದೊಡ್ಡವರು ಮಾತಾಡ್ತಿರುವಾಗ ಸುಮ್ನೆ ಕೂತು ಕೇಳಿಸ್ಕೋತೀವಲ್ಲ, ಹಾಗೆ ಕೂತ್ಕೊಳ್ಳಿ. ಅರ್ಧ ಅರ್ಥ ಆಗಲ್ಲ, ಹೆಸರುಗಳು ಗೊತ್ತಿರಲ್ಲ, ಪರ್ವಾಗಿಲ್ಲ, ಬರ್ಕೊಂಡು ಬಂದು ಆಮೇಲೆ ಓದಿ. ನಮಗೆ ಈ ಮಾತು ಸಂಬಂಧ ಇಲ್ಲ ಅಂತ ಮಾತ್ರ ಅನ್ಕೋಬೇಡಿ. 1965ರ ಇಮಿಗ್ರೇಷನ್ ಕಾನೂನು ಬರೋ ತನಕ ಇಂಡಿಯಾದವರಿಗೆ ಈ ದೇಶದಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಜಾಗ ಇತ್ತು. ಆ ಕಾನೂನು ಬಂದಿದ್ದು ಕಪ್ಪು ಜನರ ನಾಗರಿಕ ಹಕ್ಕಿನ ಹೋರಾಟದ ಅಲೆಯಲ್ಲಿ, ಅವರು ಪೆಟ್ಟು ತಿಂದು ತೆರೆಸಿದ ಬಾಗಿಲಲ್ಲಿ ನಾವು ಸೂಟ್‌ಕೇಸ್ ಹಿಡ್ಕೊಂಡು ಬಂದ್ವಿ. ಹೀಗಿದ್ದೂ ನಮ್ಮ ಗೆಟ್‌ಟುಗೆದರ್‌ಗಳಲ್ಲಿ ಆ ಕರಿಯರ ಏರಿಯಾ, ಅಲ್ಲಿ ಮನೆ ಮಾಡಬೇಡಿ ಅನ್ನೋ ಮಾತು ಎಷ್ಟು ಸಲೀಸಾಗಿ ಬರುತ್ತೆ ಅಂತ ನೀವೂ ಕೇಳಿರ್ತೀರ, ನನಗೆ ಹೊಟ್ಟೆ ಉರಿಯುತ್ತೆ. ಆ ಮಾತು ಕೇಳಿ ಬೆಳೆಯೋ ನಮ್ಮ ಮಕ್ಕಳನ್ನ ಇಂಥ ಸಭೆಗೆ ಕರ್ಕೊಂಡು ಹೋಗಬೇಕು ಅನ್ನೋದು ನನ್ನ ಆಸೆ.

ಪ್ರಾಕ್ಟಿಕಲ್ ವಿಷಯ: ಮ್ಯೂಸಿಯಂಗಳ ಟಾಕ್‌ಗಳಲ್ಲಿ ಎಷ್ಟೋ ಫ್ರೀ ಇರುತ್ತೆ, ಮೊದಲೇ ರಿಜಿಸ್ಟರ್ ಮಾಡ್ಕೋಬೇಕು, ಸೀಟು ಬೇಗ ಮುಗಿಯುತ್ತೆ. ಸ್ಟೂಡೆಂಟ್ ಐಡಿ ತಗೊಂಡು ಹೋಗಿ. ಟಾಕ್ ಸಾಯಂಕಾಲ ಇದ್ರೆ ಮಧ್ಯಾಹ್ನನೇ ಹೋಗಿ ಕೆಲಸ ನೋಡಿ ಆಮೇಲೆ ಕೂತ್ಕೊಳ್ಳಿ, ಉಲ್ಟಾ ಮಾಡಿದ್ರೆ ಅವರು ಹೇಳಿದ್ದನ್ನೇ ಮೂರ್ತಿಯಲ್ಲಿ ಹುಡುಕ್ತಾ ಇರ್ತೀರ, ನಿಮ್ಮ ಕಣ್ಣಿಗೆ ಬಿದ್ದಿದ್ದು ನಿಮಗೇ ಗೊತ್ತಾಗಲ್ಲ.

ಕೊನೇಲಿ ಮೈಕ್ ಸುತ್ತ ಬರುತ್ತೆ. ಮೊದಲ ಪ್ರಶ್ನೆಗಳು ಅಲ್ಲಿರೋ ಕಪ್ಪು ಹೆಣ್ಣುಮಕ್ಕಳದ್ದಾಗಲಿ, ಅವು ಕೇಳೋಕೂ ಚೆನ್ನಾಗಿರುತ್ತೆ. ಆಮೇಲೆ ಟೈಮ್ ಇದ್ರೆ ನೀವು ಇಂಜಿನಿಯರ್ ಪ್ರಶ್ನೆನೇ ಕೇಳಿ, ಧಾರಾಳವಾಗಿ. ಕುಲುಮೆ ಕಾದು ಕೆಂಪಾದಾಗ ಒಳಗೆ ಉಪ್ಪು ಎಸೆದ್ರೆ ಅದು ಆವಿಯಾಗಿ ಮಣ್ಣಿನ ಸಿಲಿಕಾ ಜೊತೆ ಸೇರಿ ಮೇಲೆ ಗಾಜಿನ ಪದರ ಕಟ್ಟುತ್ತೆ, ಎಲ್ಲಿ ಎಷ್ಟು ಕಟ್ಟುತ್ತೆ ಅನ್ನೋದು ಪೂರ್ತಿ ಕೈಯಲ್ಲಿ ಇರಲ್ಲ, ಅವರ ಎಷ್ಟೋ ಪಿಂಗಾಣಿ ಕೆಲಸ ಹೀಗೇ ಸುಟ್ಟಿರೋದು. ಅಷ್ಟು ದೊಡ್ಡ ಪಿಂಗಾಣಿ ಒಣಗುವಾಗ ಬಿರುಕು ಬಿಡದ ಹಾಗೆ ಹೇಗೆ ನೋಡ್ಕೋತೀರ, ಉಪ್ಪಿನ ಕುಲುಮೆಯಲ್ಲಿ ಕೆಟ್ಟು ಬಂದಿದ್ದನ್ನ ಏನು ಮಾಡ್ತೀರ ಅಂತ ಕೇಳಿ. ಇಂಥ ಸಭೆಗಳಲ್ಲಿ ಅರ್ಥ ಏನು, ರಾಜಕೀಯ ಏನು ಅಂತ ಕೇಳೋರು ತುಂಬಾ ಜನ, ಕೈ ಕೆಲಸದ ಬಗ್ಗೆ ಕೇಳೋರು ಕಮ್ಮಿ, ಇವರು ಮಣ್ಣಿನ ಕೆಲಸದಿಂದ ಬಂದವರು.