ಜೋರ್ಡನ್ನೋ ಲೆಬ್ರಾನೋ? ಎದುರಿಗೆ ನಿಂತು ಆಡಿದವ್ರನ್ನ ಕೇಳ್ರಿ

ಪ್ರಶ್ನೆ: ಸರ್, ನಾನು ಪಿಯುಸಿ ಸೆಕೆಂಡ್ ಇಯರ್. ಬಾಸ್ಕೆಟ್‌ಬಾಲ್‌ನಾಗ ಎಲ್ಲಾರಿಗಿಂತ ದೊಡ್ಡ ಆಟಗಾರ ಯಾರು ಅಂತ ನಮ್ಮ ಮಾಮಾಗೂ ನನಗೂ ದಿನಾ ಒಂದೇ ಜಗಳ, ಅವ್ರು ಮೈಕಲ್ ಜೋರ್ಡನ್ ಅಂತಾರ, ನಾ ಲೆಬ್ರಾನ್ ಜೇಮ್ಸ್ ಅಂತೀನಿ. ಮೊನ್ನೆ ನಮ್ಮ ಕ್ಲಾಸಿನ ದೋಸ್ತ ಒಬ್ಬಾಂವ, ವಿಲ್ಟ್ ಚೇಂಬರ್ಲಿನ್ ಒಂದೇ ಮ್ಯಾಚಿನಾಗ 100 ಪಾಯಿಂಟ್ ಹೊಡದಾನ, ನಿಮ್ಮವ್ರು ಯಾರೂ ಅವನ ಹತ್ರಾನೂ ಬರಂಗಿಲ್ಲ ಅಂದ. ಮೂರೂ ಬ್ಯಾರೆ ಬ್ಯಾರೆ ಕಾಲದವ್ರು, ಹೆಂಗ್ ತೂಗೂದು? ಖರೇ ದೊಡ್ಡಾಂವ ಯಾರು?
– ಪಿಯುಸಿ ವಿದ್ಯಾರ್ಥಿ, ವಿಜಯಪುರ

ಉತ್ತರ: ತಮ್ಮಾ, ಮೊದಲು ನಿನ್ನ ದೋಸ್ತನ 100 ಪಾಯಿಂಟ್ ಬಿಚ್ಚಿ ನೋಡೋಣು. 1962ರ ಮಾರ್ಚ್ 2, ಪೆನ್ಸಿಲ್ವೇನಿಯಾದ ಹರ್ಷೀ ಅನ್ನೂ ಸಣ್ಣ ಊರು, ಫಿಲಡೆಲ್ಫಿಯಾ ವಾರಿಯರ್ಸ್ ಮತ್ತ ನ್ಯೂಯಾರ್ಕ್ ನಿಕ್ಸ್ ನಡುವಿನ ಮ್ಯಾಚು. ವಿಲ್ಟ್ 63 ಶಾಟ್ ಹೊಡದ, 36 ಬಿದ್ವು, ಒಂದಕ್ಕ ಎರಡು ಪಾಯಿಂಟು, ಫೌಲಿಗೆ ಸಿಗೂ ಒಂದು ಪಾಯಿಂಟಿನ ಫ್ರೀ ಥ್ರೋ 32ರಾಗ 28 ಹಾಕಿದ, ಕೂಡಿಸಿದ್ರ ಸರಿಯಾಗಿ ನೂರು. ದೂರದಿಂದ ಹಾಕಿದ್ರ ಮೂರು ಪಾಯಿಂಟ್ ಕೊಡೂ ತ್ರೀ ಪಾಯಿಂಟ್ ಲೈನ್ ಆವಾಗ ಇರ್ಲೇ ಇಲ್ಲ. ಆ ಇಡೀ ಸೀಸನ್ ಅವನ ಸರಾಸರಿ ಮ್ಯಾಚಿಗೆ 50.4 ಪಾಯಿಂಟು, 25.7 ರಿಬೌಂಡು (ಬೀಳಲಾರದ ಶಾಟಿನ ಬಾಲ್ ಹಿಡಿಯೂದು). ಮ್ಯಾಚು ಇರೂದೇ 48 ನಿಮಿಷ, ಇಂವ ಸರಾಸರಿ ಆಡಿದ್ದು 48.5 ನಿಮಿಷ, ಯಾಕಂದ್ರ ಓವರ್‌ಟೈಮ್ ಬಂದ್ರೂ ಬೆಂಚಿಗೆ ಕೂಡ್ತಿರಲಿಲ್ಲ.

ಇಷ್ಟು ಕೇಳಿದ್ರ ಮಾತೇ ಮುಗೀತು ಅನ್ನಸ್ತದ. ಆದ್ರ ಆ ವರ್ಷ ಒಂದೊಂದು ಟೀಮು ಮ್ಯಾಚಿಗೆ ನೂರರ ಮ್ಯಾಲೆ ಶಾಟ್ ಹೊಡೀತಿತ್ತು, ಈಗ 90ರ ಆಜೂಬಾಜು. ಶಾಟ್ ಜಾಸ್ತಿ ಅಂದ್ರ ಪಾಯಿಂಟೂ ಜಾಸ್ತಿ, ಬೀಳಲಾರದ ಶಾಟೂ ಜಾಸ್ತಿ, ಬೀಳಲಾರದ್ದು ಜಾಸ್ತಿ ಆದ್ರ ರಿಬೌಂಡೂ ಜಾಸ್ತಿ. ಅದಕ್ಕ ವಿಲ್ಟ್‌ನ 25 ರಿಬೌಂಡು ಇವತ್ತಿನ 25 ಅಲ್ಲ. ಹಂಗಂತ ಅಂವ ಸಣ್ಣಾಂವ ಆಗಂಗಿಲ್ಲ, ಅದೇ ಗಾಳ್ಯಾಗ ಎಲ್ಲಾರೂ ಆಡ್ತಿದ್ರು, 50 ಹೊಡದಾಂವ ಅಂವ ಒಬ್ಬನ.

ಇನ್ನೊಂದು ಮಾತು, ನೀವು ಹುಡುಗ್ರು ಹಳೇ ವಿಡಿಯೋ ನೋಡಿ ಇವ್ರಿಗೆ ಡ್ರಿಬಲ್ಲೇ ಬರಂಗಿಲ್ಲಲಾ ಅಂತ ನಗ್ತೀರಿ. ಹಳೇ ಕಾಲದ ದೊಡ್ಡ ಆಟಗಾರ ಬಾಬ್ ಕೂಜಿ ಆಡೂ ಕಾಲಕ್ಕ ಅಂಗೈ ಬಾಲಿನ ಮ್ಯಾಲೇ ಇರ್ಬೇಕಿತ್ತು, ಕೈ ಒಂಚೂರು ಬಾಲಿನ ಕೆಳಗ ಹೋದ್ರ ರೆಫರಿ ಸೀಟಿ ಊದಿ ಬಾಲ್ ಎದುರಿನವ್ರಿಗೆ ಕೊಡ್ತಿದ್ದ. ನೀನೇ ನಿಮ್ಮ ಅಂಗಳದಾಗ ಒಂದು ಕುರ್ಚಿ ಇಡು, ಅಂಗೈ ಬಾಲಿನ ನೆತ್ತಿ ಮ್ಯಾಲೇ ಇಟ್ಟು, ಬಾಜೂಕ ಜಾರದಂಗ, ಆ ಕುರ್ಚಿ ಸುತ್ತ ಓಡಿ ನೋಡು. ಎರಡನೇ ಸುತ್ತಿಗೆ ಬಾಲ್ ಕಾಲಿಗೆ ಬಡೀತದ, ಬಾಲ್ ಒಂದು ಕೈಯಿಂದ ಇನ್ನೊಂದು ಕೈಗೆ ಗಪ್ಪನ ತಿರುಗಸೂ ಕ್ರಾಸ್‌ಓವರ್ ಅಂತೂ ಆಗೂದೇ ಇಲ್ಲ. ಅವ್ರು ಆ ಕಟ್ಟಿನಾಗ ಅಷ್ಟು ಆಡಿದ್ರು.

ನನಗ ಇದು ಸ್ವಂತ ಅನುಭವದಿಂದ ಗೊತ್ತು. ನಾವು ಆಡಿದ್ದು ಎರಿ ಭೂಮಿ ಮ್ಯಾಲೆ ಗರಸು ಹಾಕಿ ರೋಲರ್ ಎಳದ ಕೋರ್ಟಿನಾಗ. ಬ್ಯಾಸಿಗಿ ಬಂತಂದ್ರ ಕೆಳಗಿನ ಎರಿ ಬಿರುಕು ಬಿಡೂದು, ಗರಸು ಆ ಬಿರುಕಿನಾಗ ಇಳಿಯೂದು, ಬಾಲ್ ಅಲ್ಲಿ ಬಿತ್ತಂದ್ರ ಯಾವ ಕಡೆ ಹಾರ್ತದೋ ದೇವ್ರಿಗೇ ಗೊತ್ತು. ಬಾಲಿನ ಕಾಳೆಲ್ಲ ಸವದು ನುಣ್ಣಗಾಗಿರೂದು, ಬೆವರುಗೈಗೆ ಹಿಡಿತ ಸಿಗ್ತಿರಲಿಲ್ಲ. ಅದಕ್ಕ ನಾವು ಡ್ರಿಬಲ್ ಕಡಿಮಿ ಮಾಡಿ ಪಾಸ್ ಮ್ಯಾಲೆ ಆಡ್ತಿದ್ವಿ, ಎದಿಯಿಂದ ಎದಿಗೆ, ನೆಲ ಮುಟ್ಟಸ್ದಂಗ. ಈಗ ನನ್ನ ಅಣ್ಣನ ಮಗ ಸಿಂಥೆಟಿಕ್ ಕೋರ್ಟಿನ್ಯಾಗ ಕಾಲೊಳಗಿಂದ ಬಾಲ್ ತಗೀತಾನ, ನೋಡಾಕ ಎರಡು ಕಣ್ಣು ಸಾಲಂಗಿಲ್ಲ, ಅವನ ಕೈ ನನಗಿಂತ ಚಲೋನೇ ಐತಿ, ಆದ್ರ ಆ ಬಿರುಕು ಬಿಟ್ಟ ನೆಲ ಅವಂಗ ಸಿಕ್ಕಿಲ್ಲ, ಈ ನೆಲ ನನಗ ಸಿಕ್ಕಿರಲಿಲ್ಲ.

ಹಂಗಾದ್ರ ತೂಗೂದು ಹೆಂಗ? ನಮ್ಮ ಕಡೆ ಜಾತ್ರಿ ಕುಸ್ತಿ ನೋಡಿಯಲ್ಲ, ಹಳೇ ಪೈಲ್ವಾನ ಎಂಥಾಂವ ಇದ್ದ ಅಂತ ತಿಳೀಬೇಕಂದ್ರ ಕುಂತು ನೋಡಿದವ್ರನ್ನ ಕೇಳಂಗಿಲ್ಲ, ಅವನ ಕೈಯಾಗ ಚಿತ್ ಆದವ್ರನ್ನ ಕೇಳ್ತಾರ. ಬಿದ್ದಾಂವಗ ಗೊತ್ತಿರ್ತದ ಆ ಪಟ್ಟಿನ ತಾಕತ್ತು. ಬಾಸ್ಕೆಟ್‌ಬಾಲ್‌ನಾಗೂ ಹಂಗ ಕೇಳಿದ ಒಂದು ದಾಖಲೆ ಐತಿ. ಆ ಕಾಲಕ್ಕ ಎಂವಿಪಿ, ಅಂದ್ರ ಸೀಸನ್ನಿನ ಅತೀ ಬೆಲೆಬಾಳೂ ಆಟಗಾರನ್ನ, ಆರಿಸ್ತಿದ್ದವ್ರು ಪೇಪರಿನವ್ರಲ್ಲ, ಆಟಗಾರರೇ ಓಟು ಹಾಕ್ತಿದ್ರು. ವಿಲ್ಟ್ 50 ಸರಾಸರಿ ಹೊಡದ 1961-62ರ ಸೀಸನ್ನೇ ತಗೋ. ಅದೇ ವರ್ಷ ಆಸ್ಕರ್ ರಾಬರ್ಟ್‌ಸನ್ ಇಡೀ ಸೀಸನ್ ಟ್ರಿಪಲ್ ಡಬಲ್, ಅಂದ್ರ ಮೂರು ಲೆಕ್ಕದಾಗೂ ಎರಡಂಕಿ, ಸರಾಸರಿ ಇಟ್ಟಿದ್ದ, 30.8 ಪಾಯಿಂಟು, 12.5 ರಿಬೌಂಡು, 11.4 ಅಸಿಸ್ಟು (ಬಾಸ್ಕೆಟ್ ಆಗೂವಂಗ ಕೊಟ್ಟ ಪಾಸು). ಇವ್ರಿಬ್ಬರ ಜೋಡಿ ದಿನಾ ಬಡಿದಾಡಿದ ಆಟಗಾರರು ಓಟ್ ಹಾಕಿ ಎಂವಿಪಿ ಮಾಡಿದ್ದು ಮಾತ್ರ ಬಾಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸೆಲ್‌ನ.

ಅವ್ರು ಕಂಡದ್ದು ಲೆಕ್ಕದ ಬುಕ್ಕಿನಾಗ ಇಲ್ಲ. ರಸೆಲ್ ಎದುರಿನವ್ರ ಶಾಟ್ ಬ್ಲಾಕ್ ಮಾಡಿದ್ರ ಜನ ಚಪ್ಪಾಳಿ ಹೊಡೀಲಿ ಅಂತ ಬಾಲ್ ಹೊರಗ ಬಡೀತಿರಲಿಲ್ಲ, ಮೆತ್ತಗ ತನ್ನ ಟೀಮಿನವ್ರ ಕೈಗೆ ಬೀಳೂವಂಗ ತಟ್ಟತಿದ್ದ, ಬ್ಲಾಕೇ ಪಾಸ್ ಆಗಿ ಆ ಕಡೆ ಬಾಸ್ಕೆಟ್ ಆಗ್ತಿತ್ತು. ಇವ್ರೆಲ್ಲ ಆಡಿದ ಅಮೆರಿಕದ ಲೀಗ್ ಎನ್‌ಬಿಎದಾಗ ಬ್ಲಾಕ್ ಎಣಸಾಕ ಶುರು ಮಾಡಿದ್ದು 1973-74ರಾಗ, ರಸೆಲ್ 1969ಕ್ಕ ಆಟ ಬಿಟ್ಟಾಗಿತ್ತು. ಅಂದ್ರ ಅವನ ಅತೀ ದೊಡ್ಡ ಕೆಲಸ ಯಾರೂ ಬರದಿಟ್ಟಿಲ್ಲ, ಉಳದದ್ದು ಬರೇ ಫಲ: 13 ಸೀಸನ್ನು, 11 ಚಾಂಪಿಯನ್‌ಶಿಪ್ಪು, ಕಡೇ ಎರಡು ತಾನೇ ಕೋಚ್ ಆಗಿ ತಾನೇ ಆಡಿ ಗೆದ್ದದ್ದು. ಆವಾಗ ಟೀಮು ಕಡಿಮಿ ಇದ್ವು, ಅಂವ ಬಂದಾಗ 8, ಬಿಡೂ ಹೊತ್ತಿಗೆ 14, ಈಗ 30. ಇದನ್ನ ಲೆಕ್ಕಕ್ಕ ಹಿಡೀಲೇಬೇಕು, ಹಿಡದ ಮ್ಯಾಲೂ ನನ್ನ ಪಾಲಿಗೆ ರಸೆಲ್‌ಗಿಂತ ದೊಡ್ಡಾಂವ ಇಲ್ಲ.

ಅವನ ಹಿಂದ ನಿಮ್ಮ ಮಾಮಾನ ಜೋರ್ಡನ್. 6 ಫೈನಲ್ ಆಡಿ 6 ಗೆದ್ದಾನ, ಆರಕ್ಕ ಆರೂ ಫೈನಲ್ಸ್ ಎಂವಿಪಿ. ಇಲ್ಲೂ ಎದುರಿನವ್ರ ಸಾಕ್ಷಿನೇ ನೋಡು, ಡೆಟ್ರಾಯಿಟ್ ಪಿಸ್ಟನ್ಸ್ ಇವನೊಬ್ಬನ ಸಲುವಾಗಿ ಬ್ಯಾರೇನೇ ಒಂದು ಡಿಫೆನ್ಸ್ ಕಟ್ಟಿತು, 1988, 89, 90 ಮೂರು ವರ್ಷ ಪ್ಲೇಆಫ್‌ನಾಗ ಅದೇ ಕಟ್ಟಿಹಾಕಿತು, 1991ರಾಗ ಜೋರ್ಡನ್‌ನ ಟೀಮು ಬುಲ್ಸ್ ಅವ್ರನ್ನ 4-0 ಬಡೀತು. ಒಂದು ಟೀಮಿನ ಪೂರಾ ಬುದ್ಧಿ ಒಬ್ಬನ ಮ್ಯಾಲೆ ಖರ್ಚಾತಲ್ಲ, ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಏನ್ ಬೇಕು. ನಿನ್ನ ಲೆಬ್ರಾನ್‌ದು ಬ್ಯಾರೆ ತರದ ದೊಡ್ಡತನ, ತಾಳಿಕಿದು. ಕರೀಂ ಅಬ್ದುಲ್ ಜಬ್ಬಾರ್‌ನ 38,387 ಪಾಯಿಂಟಿನ ದಾಖಲೆ 2023ರ ಫೆಬ್ರವರಿ 7ಕ್ಕ ಮುರದ, 2024ರಾಗ 40,000 ದಾಟಿದ, ಅದೇ ವರ್ಷ ಅಕ್ಟೋಬರ್‌ನಾಗ ಸ್ವಂತ ಮಗನ ಜೋಡಿ ಒಂದೇ ಟೀಮಿನಾಗ ಕೋರ್ಟಿಗೆ ಇಳದ. 2003ರಾಗ ಅವನ ಜೋಡಿ ಬಂದವ್ರೆಲ್ಲ ಯಾವತ್ತೋ ಮನಿಗೆ ಹೋದ್ರು. ನೀ ಅವನ ಪರ ಜಗಳಾಡೂದು ತಪ್ಪಲ್ಲ, ನನ್ನ ಲೆಕ್ಕದಾಗ ಮೂರನೇದಾಂವ, ಅಷ್ಟ.

ಪ್ರಶ್ನೆ: ನಾನು ಪಿಟಿ ಮಾಸ್ತರ. ನಮ್ಮ ಹುಡುಗ್ರು ಎಲ್ಲಾರೂ ಸ್ಟೆಫ್ ಕರ್ರಿ ಆಗಾಕ ಹೊಂಟಾರ, ಅರ್ಧ ಕೋರ್ಟಿನಿಂದ ಎಸೀತಾರ. ಈ ಕರ್ರಿ 60ರ ದಶಕದಾಗ ಹುಟ್ಟಿದ್ರ ಆಡ್ತಿದ್ನೇನು?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ಮಾಸ್ತರ, ಆಡ್ತಿದ್ದ, ಆದ್ರ ಈ ಕರ್ರಿ ಆಗ್ತಿರಲಿಲ್ಲ. ಎನ್‌ಬಿಎಕ್ಕ ತ್ರೀ ಪಾಯಿಂಟ್ ಲೈನ್ ಬಂದಿದ್ದು 1979-80ರಾಗ, ಬಂದ ವರ್ಷ ಒಂದು ಟೀಮು ಮ್ಯಾಚಿಗೆ ಸರಾಸರಿ ಮೂರೂ ಎಸೀತಿರಲಿಲ್ಲ, ಈಗ 35ರ ಮ್ಯಾಲೆ ಎಸೀತಾರ. ಕರೀಂ 20 ಸೀಸನ್ ಆಡಿ ಇಡೀ ಜೀವನದಾಗ ಹಾಕಿದ್ದು ಒಂದೇ ಒಂದು ತ್ರೀ, ಕರ್ರಿ 2015-16ರ ಒಂದೇ ಸೀಸನ್ನಾಗ 402 ಹಾಕಿದ. ಲೈನ್ ಇಲ್ಲದ ಕಾಲಕ್ಕ ಅಷ್ಟು ದೂರದಿಂದ ಹೊಡದ್ರೂ ಎರಡೇ ಪಾಯಿಂಟು, ರಿಂಗಿನ ಕೆಳಗ ನಿಂತು ಹಾಕಿದ್ರೂ ಎರಡೇ, ಅಂಥಾದ್ರಾಗ ದೂರದಿಂದ ಹೊಡಿ ಅಂತ ಯಾವ ಕೋಚ್ ಹೇಳ್ತಾನ? ಅದೂ ಅಲ್ದ 2011 ಮತ್ತ 2012ರಾಗ ಅವನ ಹಿಮ್ಮಡದ ಗಂಟಿಗೆ ಆಪರೇಷನ್ ಆಗ್ಯಾವ, ಕ್ಯಾನ್ವಾಸ್ ಬೂಟು ಹಾಕ್ಕೊಂಡು ಆಡೂ ಕಾಲಕ್ಕ ಆ ಕಾಲು ಎಷ್ಟು ದಿನ ತಾಳ್ತಿತ್ತು ಅನ್ನೂದೇ ನನ್ನ ಅನುಮಾನ.

ದೊಡ್ಡ ಆಟಗಾರರು ಬಂದ್ರ ಅಂಗಳದ ಗೆರಿನೇ ಸರೀತದ ಅನ್ನೂದನ್ನ ನಿಮ್ಮ ಹುಡುಗ್ರಿಗೆ ತೋರಿಸ್ರಿ. ಜಾರ್ಜ್ ಮೈಕನ್ ರಿಂಗಿನ ಕೆಳಗ ನಿಂತ್ರ ಯಾರಿಗೂ ಸರಸಾಕ ಆಗ್ತಿರಲಿಲ್ಲ ಅಂತ 1951ರಾಗ ರಿಂಗಿನ ಮುಂದ ಭಾಳ ಹೊತ್ತು ನಿಲ್ಲಾಕ ಬಿಡಲಾರದ ಕೀ ಅನ್ನೂ ಜಾಗಾದ ಅಗಲ 6 ಫೂಟಿಂದ 12 ಫೂಟ್ ಮಾಡಿದ್ರು, ವಿಲ್ಟ್‌ನ ಕಾಲಕ್ಕ 1964ರಾಗ 16 ಫೂಟ್ ಆತು. ಕರೀಂ ಕಾಲೇಜಿನಾಗ ಇದ್ದಾಗ 1967ರಾಗ ಕಾಲೇಜ್ ಆಟದಾಗ ಡಂಕ್‌ನೇ (ಹಾರಿ ಬಾಲ್ ರಿಂಗಿನೊಳಗ ತುರುಕೂದು) ಬಂದ್ ಮಾಡಿದ್ರು, 1976ರ ತನಕ ಬಂದ್ ಇತ್ತು. ಅಂವ ಅಳ್ಕೋತ ಕೂಡಲಿಲ್ಲ, ತಲಿ ಮ್ಯಾಲಿಂದ ಒಂದೇ ಕೈಲೆ ಹಾಕೂ ಸ್ಕೈಹುಕ್ ಶಾಟ್ ತಿದ್ದಕೊಂಡ, ಅದೇ ಶಾಟ್ ಅವಂಗ ಮುಂದ 20 ವರ್ಷ ಅನ್ನ ಹಾಕ್ತು. ಹುಡುಗ್ರಿಗೆ ಅರ್ಧ ಕೋರ್ಟು ಬಿಡಿಸ್ರಿ, ರಿಂಗಿನ ಹತ್ರದ ನೂರು ಶಾಟ್ ಹಾಕಿಸಿ ಆಮೇಲೆ ಒಂದೊಂದು ಹೆಜ್ಜಿ ಹಿಂದ ಸರಿಸ್ರಿ.

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ, ಬಾಸ್ಕೆಟ್‌ಬಾಲ್ ಅಂದ್ರ ಜೀವ. ಮನ್ಯಾಗ ಅಣ್ಣಂದ್ರು ಜೋರ್ಡನ್, ಕೋಬಿ ಅಂತ ವಾದ ಮಾಡೂ ಮುಂದ ಅಕೀ ಸುಮ್ನ ಕೂಡ್ತಾಳ, "ಅವ್ವಾ, ನಮ್ಮೊಳಗ ದೊಡ್ಡಾಕಿ ಯಾರು?" ಅಂತ ಕೇಳಿದ್ಲು, ನನಗ ಹೇಳಾಕ ಬರಲಿಲ್ಲ.
– ತಾಯಿಯೊಬ್ಬರು, ಕ್ಯಾಂಪ್, ಬೆಳಗಾವಿ

ಉತ್ತರ: ಅಕ್ಕಾರ, ಈ ಸಲ ಬಂದ ಕಾಗದದಾಗ ನನ್ನ ಮನಸ್ಸಿಗೆ ಹತ್ತಿದ್ದು ನಿಮ್ದು. ಹೆಣ್ಣಮಕ್ಕಳ ವಿಷಯದಾಗ ಕಾಲ ಕಾಲ ತೂಗೂದು ಇನ್ನೂ ಕಷ್ಟ, ಯಾಕಂದ್ರ ಹಳೇ ಕಾಲದಾಕಿಗೆ ಆಡಾಕ ಜಾಗಾನೇ ಇರಲಿಲ್ಲ. ಲೂಸಿಯಾ ಹ್ಯಾರಿಸ್ ಅಂತ ಮಿಸಿಸಿಪ್ಪಿಯಾಕಿ, ಆರು ಫೂಟ್ ಮೂರು ಇಂಚು. ಒಲಿಂಪಿಕ್ಸ್‌ನಾಗ ಹೆಣ್ಣಮಕ್ಕಳ ಬಾಸ್ಕೆಟ್‌ಬಾಲ್ ಮೊದಲನೇ ಸಲ ಬಂದಿದ್ದು 1976ರಾಗ, ಮಾಂಟ್ರಿಯಲ್‌ನಾಗ, ಅಲ್ಲಿ ಮೊಟ್ಟಮೊದಲ ಬಾಸ್ಕೆಟ್ ಹಾಕಿದಾಕಿ ಇಕೀನೇ. ಕಾಲೇಜಿನಾಗ ಸಾಲಾಗಿ ಮೂರು ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ಲು. 1977ರಾಗ ಗಂಡಸರ ಎನ್‌ಬಿಎ ಟೀಮು ನ್ಯೂ ಆರ್ಲಿಯನ್ಸ್ ಜಾಝ್ ಹೊಸ ಆಟಗಾರರ ಆಯ್ಕಿ, ಅಂದ್ರ ಡ್ರಾಫ್ಟ್‌ನಾಗ ಇಕೀನ್ನ ಆರಿಸ್ತು, ಆವಾಗ ಇಕೀ ಬಸರಿ, ಹೋಗಲಿಲ್ಲ. ಹೆಣ್ಣಮಕ್ಕಳ ಡಬ್ಲ್ಯುಎನ್‌ಬಿಎ ಶುರು ಆಗಿದ್ದು 1997ರಾಗ, ಅಷ್ಟೊತ್ತಿಗೆ ಇಪ್ಪತ್ತು ವರ್ಷ ಹೋಗಿಬಿಟ್ಟಿದ್ವು. ಇಂಥಾಕೀನ್ನ ಯಾವ ಅಂಕಿ ಮ್ಯಾಲೆ ತೂಗ್ತೀರಿ? ಶೆರಿಲ್ ಮಿಲ್ಲರ್ ಅಂತ ಇನ್ನೊಬ್ಬಾಕಿ, 1982ರಾಗ ಹೈಸ್ಕೂಲಿನ ಒಂದೇ ಮ್ಯಾಚಿನಾಗ 105 ಪಾಯಿಂಟ್ ಹೊಡದಾಕಿ, 1984ರಾಗ ಒಲಿಂಪಿಕ್ ಚಿನ್ನ ತಂದಾಕಿ, ಆದ್ರ ಮಂದಿಗೆ ಗೊತ್ತಿರೂದು ಅಕೀ ತಮ್ಮ ರೆಜಿ ಮಿಲ್ಲರ್ ಒಬ್ಬನ.

ಲೀಗ್ ಬಂದ ಮ್ಯಾಲಿನವ್ರೊಳಗ ನನ್ನ ಉತ್ತರ ಡಯಾನಾ ಟೌರಾಸಿ. ಡಬ್ಲ್ಯುಎನ್‌ಬಿಎದಾಗ 10,646 ಪಾಯಿಂಟು, 2004ರಿಂದ 2024ರ ತನಕ ಆರು ಒಲಿಂಪಿಕ್ಸ್, ಆರೂ ಸಲ ಚಿನ್ನ. ಮಗಳಿಗೆ ಈ ಮೂರೂ ಹೆಸರು ಹೇಳ್ರಿ, ಹ್ಯಾರಿಸ್ ಹೆಸರು ಮೊದಲು. ಮತ್ತ ಒಂದು ಕೆಲಸ ಮಾಡ್ರಿ, ಅಕೀ ಆಡೂ ಬಾಲಿನ ಮ್ಯಾಲೆ ನಂಬರ್ ನೋಡ್ರಿ. ಭಾಳ ಕಡೆ ಹುಡುಗ್ರ 7ನೇ ಸೈಜ್ ಬಾಲೇ ಹುಡುಗ್ಯಾರಿಗೂ ಕೊಟ್ಟುಬಿಡ್ತಾರ, ಹೆಣ್ಣಮಕ್ಕಳದು 6ನೇ ಸೈಜು. ದೊಡ್ಡ ಬಾಲು ಸಣ್ಣ ಕೈಯಾಗ ಹಿಡದ್ರ ಭುಜದಿಂದ ನೂಕೂ ಚಟ ಬೀಳ್ತದ, ಆ ಚಟ ಆಮೇಲೆ ಬಿಡಸಾಕ ಭಾಳ ತ್ರಾಸ್.

ಪ್ರಶ್ನೆ: ನಮ್ಮ ದೇಶದವ್ರು ಯಾರೂ ಇಲ್ಲೇನ್ರಿ ಈ ಲೆಕ್ಕದಾಗ?
– ಓದುಗರು, ಜಮಖಂಡಿ

ಉತ್ತರ: ಅದಾರ. 1980ರ ಮಾಸ್ಕೋ ಒಲಿಂಪಿಕ್ಸ್‌ನಾಗ ಭಾರತ ಗಂಡಸರ ಟೀಮ್ ಆಡೇತಿ, ಅದರಾಗ ಆಡಿದ ಅಜ್ಮೇರ್ ಸಿಂಗ್ ಆಮೇಲೆ ಅರ್ಜುನ ಪ್ರಶಸ್ತಿ ತಗೊಂಡ್ರು. ಅವ್ರಿಗಿಂತ ಮೊದಲು ಖುಷಿ ರಾಮ್ ಇದ್ರು, ಅವ್ರಿಗೆ 1967ರಾಗ ಅರ್ಜುನ ಬಂತು. ಸತ್ನಾಮ್ ಸಿಂಗ್‌ನ 2015ರಾಗ ಡಲ್ಲಾಸ್ ಮಾವೆರಿಕ್ಸ್ 52ನೇ ನಂಬರಿಗೆ ಆರಿಸ್ತು, ಭಾರತದಾಗ ಹುಟ್ಟಿ ಎನ್‌ಬಿಎ ಡ್ರಾಫ್ಟ್ ಆದ ಮೊದಲನೇದಾಂವ. ಇವ್ರನ್ನ ಜೋರ್ಡನ್ ಜೋಡಿ ತೂಗೂದು ಬ್ಯಾಡ್ರಿ, ಸೌಕರ್ಯನೇ ಬ್ಯಾರೆ.

ಪ್ರಶ್ನೆ: ಸರ್, ನಿಮಗ ಕಾಗದ ಬರದ ಪಿಯುಸಿ ಹುಡುಗನ ಮಾಮಾನೇ ನಾನು. ಈಗಿನವ್ರು ಆಡೂದೆಲ್ಲಾ ಟ್ರಾವೆಲ್, ಮೂರು ಹೆಜ್ಜಿ ಹಾಕ್ತಾರ, ಅವ್ರನ್ನ ಮುಟ್ಟಂಗೂ ಇಲ್ಲ. ಅವಂಗ ಸ್ವಲ್ಪ ತಿಳಿಸಿ ಹೇಳ್ರಿ.
– ಓದುಗರು, ವಿಜಯಪುರ

ಉತ್ತರ: ಮಾಮಾರ, ಅರ್ಧ ನೀವು ಖರೆ. ಜೋರ್ಡನ್ ಕಾಲಕ್ಕ ಡಿಫೆಂಡರ್ ಸೊಂಟದ ಮ್ಯಾಲೆ ಕೈ ಇಟ್ಟು ದಾರಿ ತಪ್ಪಿಸ್ತಿದ್ದ, 2004-05ರಿಂದ ಅದಕ್ಕ ಕಡಕ್ ಆಗಿ ಫೌಲ್ ಕೊಡಾಕ ಶುರು ಮಾಡಿದ್ರು, ಬಾಲ್ ತಗೊಂಡು ನುಗ್ಗೂ ಗಾರ್ಡ್‌ಗಳಿಗೆ ರಸ್ತೆ ತೆರೀತು. ಆದ್ರ ಅದಕ್ಕೂ ಮೊದಲು 2001-02ರಾಗ ಝೋನ್ ಡಿಫೆನ್ಸ್‌ಗೆ (ಒಬ್ಬೊಬ್ಬ ಆಟಗಾರನ್ನ ಬಿಟ್ಟು ಜಾಗಾ ಕಾಯೂದು) ಎನ್‌ಬಿಎ ಒಪ್ಪಿಗಿ ಕೊಡ್ತು, ಜೋರ್ಡನ್ ಆರು ಸಲ ಗೆಲ್ಲೂ ಮುಂದ ಅದು ಇರಲಿಲ್ಲ, ಬಾಲ್ ಇಲ್ಲದ ಕಡೆ ಸುಮ್ನ ಬಂದು ಕಾಯ್ಕೋತ ನಿಲ್ಲಂಗಿರಲಿಲ್ಲ. ಒಂದು ಕಡೆ ಸಡ್ಲ ಆತು, ಇನ್ನೊಂದು ಕಡೆ ಬಿಗಿ ಆತು. ಹೆಜ್ಜಿ ವಿಷಯಕ್ಕ ಬಂದ್ರ, ಬಾಲ್ ಕೈಗೆ ಹಿಡೀತ ಇರೂ ಹೆಜ್ಜಿ ಎಣಸಂಗಿಲ್ಲ, ಹಿಡದ ಮ್ಯಾಲೆ ಎರಡು, ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಸೈತ 2017ರಿಂದ ಇದನ್ನೇ ರೂಲ್ ಮಾಡೇತಿ. ನಿಮ್ಮ ಕಣ್ಣಿಗೆ ಮೂರು ಕಾಣೂದು ಅದಕ್ಕ.

ಇಬ್ರೂ ಒಂದು ಐತವಾರ ಫೋನ್ ಬಾಜೂಕಿಟ್ಟು ಕೂಡ್ರಿ, ಎರಡು ಮ್ಯಾಚು ಪೂರಾ ನೋಡ್ರಿ, ಹೈಲೈಟ್ಸ್ ಬ್ಯಾಡ. 1998ರ ಫೈನಲಿನ ಆರನೇ ಮ್ಯಾಚು, ಜೋರ್ಡನ್ 45 ಹೊಡದು 87-86 ಗೆದ್ದದ್ದು. 2016ರ ಏಳನೇ ಮ್ಯಾಚು, ಲೆಬ್ರಾನ್ ಹಿಂದಿಂದ ಓಡಿ ಬಂದು ಎದುರು ಟೀಮಿನ ಇಗುಡಾಲನ ಶಾಟ್ ಬೋರ್ಡಿಗೆ ಒತ್ತಿದ್ದು, 93-89. ಮೊದಲನೇದು ಹಾಕಿದಾಗ ರಿಮೋಟ್ ಹುಡುಗನ ಕೈಯಾಗ ಕೊಡ್ರಿ, ಎರಡನೇದಕ್ಕ ನೀವು ಹಿಡೀರಿ, ಬಾಲ್ ಇದ್ದಾಂವನ್ನ ಬಿಟ್ಟು ಅವನ ಎದುರಿಗೆ ನಿಂತಾಂವನ ಕಾಲು ನೋಡ್ರಿ. ನೋಡಿದ ಮ್ಯಾಲೆ ಇಬ್ರೂ ಕೂಡಿ ಒಂದೇ ಕಾಗದ ಬರೀರಿ, ಮುಂದಿನ ಸಂಚಿಕಿಯಾಗ ಹಾಕ್ತೀನಿ.