ಒಂದು ಮೂಲೆ ಮಾತ್ರ ಮಸುಕೇಕೆ?

ಪ್ರಶ್ನೆ: ಬಳಸಿದ 50 ಮಿ.ಮೀ. ಲೆನ್ಸ್ ಕೊಂಡಿದ್ದೇನೆ. ಚಿತ್ರದ ಎಡ ಅಂಚು ಮಸುಕು. ದೋಷ ಲೆನ್ಸಿನದೋ, ನನ್ನದೋ? ಮನೆಯಲ್ಲೇ ತಿಳಿಯಬಹುದೇ?
– ಓದುಗರು, ಸಾಗರ

ಉತ್ತರ: ಖಂಡಿತ. ನಾನು ಪ್ರತಿ ಲೆನ್ಸನ್ನೂ ಗೋಡೆಗೆ ದಿನಪತ್ರಿಕೆಯ ವರ್ಗೀಕೃತ ಜಾಹೀರಾತಿನ ಪುಟಗಳನ್ನು ಅಂಟಿಸಿಯೇ ಪರೀಕ್ಷಿಸುತ್ತೇನೆ. ಅಷ್ಟು ಸಣ್ಣ ಅಕ್ಷರ ಬೇರೆಡೆ ಸುಲಭವಾಗಿ ಸಿಗುವುದಿಲ್ಲ. ಹೆಚ್ಚಿನವರು ಎಡವುವುದು ಕ್ಯಾಮೆರಾ ಓರೆಯಾಗಿದ್ದಾಗ. ಪುಟಗಳ ನಟ್ಟನಡುವೆ ಪುಟ್ಟ ಕನ್ನಡಿಯೊಂದನ್ನು ಗೋಡೆಗೆ ಒತ್ತಿ ಅಂಟಿಸಿ. ಅದರಲ್ಲಿ ಲೆನ್ಸಿನ ಪ್ರತಿಬಿಂಬ ಕ್ಯಾಮೆರಾ ಪರದೆಯ ಮಧ್ಯಕ್ಕೇ ಬಂದರೆ ಕ್ಯಾಮೆರಾ ನೇರವಾಗಿದೆ. ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಇದನ್ನು ಮಾಡದೆ ಒಳ್ಳೆಯ ಲೆನ್ಸೊಂದನ್ನು ಹಿಂದಿರುಗಿಸಿದ ಬೇಸರ ನನಗೆ ಇನ್ನೂ ಇದೆ.

ಟ್ರೈಪಾಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, 2 ಸೆಕೆಂಡಿನ ಟೈಮರ್ ಇರಲಿ. ಪರದೆಯ ಚಿತ್ರವನ್ನು ಹಿಗ್ಗಿಸಿ, ನಡುವಿನ ಅಕ್ಷರಗಳಿಗೆ ಕೈಯಿಂದಲೇ ಫೋಕಸ್ ಮಾಡಿ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು ಒಂದು, ಅದನ್ನು ಕಿರಿದಾಗಿಸಿ ಎಫ್/8ರಲ್ಲಿ ಒಂದು ಚಿತ್ರ ತೆಗೆಯಿರಿ. ಪೂರ್ತಿ ತೆರೆದಾಗ ನಾಲ್ಕೂ ಮೂಲೆಗಳು ಸಮನಾಗಿ ಮಸುಕಾದರೆ ಚಿಂತೆ ಬೇಡ, ಅದು ಲೆನ್ಸಿನ ಸ್ವಭಾವ. ಎಡಬದಿ ಮಾತ್ರ ಮಸುಕಾದರೆ ಕ್ಯಾಮೆರಾವನ್ನು ತಲೆಕೆಳಗಾಗಿ ನಿಲ್ಲಿಸಿ, ಕನ್ನಡಿಯಲ್ಲಿ ಮತ್ತೆ ಸರಿಹೊಂದಿಸಿ, ಇನ್ನೊಂದು ಚಿತ್ರ ತೆಗೆಯಿರಿ. ಈಗ ಮಸುಕು ಗೋಡೆಯ ಬಲಬದಿಯ ಪುಟಕ್ಕೆ ಹೋಯಿತೇ? ಹಾಗಾದರೆ ಲೆನ್ಸಿನೊಳಗಿನ ಗಾಜು ಜರುಗಿರುವ ಸಾಧ್ಯತೆಯೇ ಹೆಚ್ಚು. ಮಾರಿದವರಿಗೆ ನೇರವಾಗಿಯೂ ತಲೆಕೆಳಗಾಗಿಯೂ ತೆಗೆದ ಚಿತ್ರಗಳನ್ನು ತೋರಿಸಿ.